ಭಾನುವಾರ ಕೆಟ್ಟು ನಿಂತ ಕಾರು

ಸುಮಿರಾ ತೀರಿಕೊಂಡ ಮೇಲೆ ಅವಳ ದನಿ ಉಳಿದದ್ದು ಒಂದು ಗೊರವಂಕದ ಗಂಟಲಲ್ಲಿ ಮಾತ್ರ. ಅವಳೇ ಸಾಕಿದ ಹಕ್ಕಿ. "ಮಾಸ್, ಕಾಫಿ ಆರೋಗ್ತಿದೆ" ಎಂದು ಥೇಟ್ ಅವಳಂತೆಯೇ ಕೊನೆಯಲ್ಲಿ ತುಸು ಎಳೆದು ಗಂಡ ಪ್ರಾಪ್ತೋನನ್ನು ಕರೆಯುತ್ತಿತ್ತು; ಜಾವಾದಲ್ಲಿ ಹೆಂಡತಿ ಗಂಡನನ್ನು ಕರೆಯುವುದು ಮಾಸ್ ಎಂದೇ. ಮಣ್ಣು ಮಾಡಿದ ವಾರಕ್ಕೇ ಅವಳ ತಮ್ಮ ಗುನಾರ್ಸೋ, ಇದು ನಮ್ಮ ಮನೆಯ ಹಕ್ಕಿ ಎಂದು ಪಂಜರ ಹೊತ್ತೊಯ್ದು ದೂರದ ಅಂಬಾರಾವಾ ಊರಿನ ತನ್ನ ಊಟದಂಗಡಿಯಲ್ಲಿ ನೇತುಹಾಕಿದ. ಪ್ರಾಪ್ತೋ ಮೂರು ಸಲ ಹೋಗಿ ಬೇಡಿಕೊಂಡ. ಮೂರನೆಯ ಸಲ ಹೋದಾಗ ಹಕ್ಕಿ ಗಿರಾಕಿಗಳಂತೆ ಕ್ಯಾಕರಿಸುತ್ತಿತ್ತು, ಲಾರಿಯವರ ಬೈಗುಳ ಕಲಿತಿತ್ತು. ಸುಮಿರಾಳ ಮಾತು ಅರ್ಧಕ್ಕೇ ತೊದಲಿ ನಿಂತಿತು.

"ಹಕ್ಕಿ ತಾನೇ ಭಾವ. ಇನ್ನೊಂದು ಸಾಕ್ಕೊಳ್ಳಿ" ಎಂದ ಗುನಾರ್ಸೋ.

ಇನ್ನೊಂದು ತಿಂಗಳು ಬಿಟ್ಟರೆ ಅವಳು ಎರಡನೆಯ ಸಲ ಸಾಯುತ್ತಾಳೆ ಎಂದು ಪ್ರಾಪ್ತೋಗೆ ಗೊತ್ತಾಯಿತು.

ಕದ್ದರೆ ಮೊದಲ ಅನುಮಾನ ತನ್ನ ಮೇಲೇ. ಆದರೆ ಅವನ ಹಳೆಯ ಕಾರು ಎಂಟು ತಿಂಗಳಿಂದ ಕೈಕೊಡುತ್ತಿತ್ತು. ಸಾಲಾತಿಗಾ ಊರಿನ ಅವನ ಬೀದಿಯವರೆಲ್ಲ ಅದನ್ನು ಒಮ್ಮೆಯಾದರೂ ತಳ್ಳಿದ್ದರು. ಮೆಕ್ಯಾನಿಕ್ ಕುಂಚೊರೊ ಬ್ಯಾಟರಿ ಬದಲಿಸಿದ್ದ, ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮೀಟರ್ ಹಿಡಿದಿದ್ದ, ಸ್ಟಾರ್ಟರ್ ಬಿಚ್ಚಿ ಜೋಡಿಸಿದ್ದ. ದೋಷ ಸಿಕ್ಕಿರಲಿಲ್ಲ. ಸಿಕ್ಕಿದ್ದು ಪ್ರಾಪ್ತೋಗೆ. ಕಳ್ಳರ ಭಯಕ್ಕೆ ಹಿಂದಿನ ಮಾಲೀಕ ಡ್ಯಾಶ್‌ಬೋರ್ಡಿನ ಒಳಗೆ ಎಳೆಸಿದ್ದ ಗುಪ್ತ ತಂತಿಯೊಂದರ ಬೆಸುಗೆ ಬಿಟ್ಟಿತ್ತು. ಎರಡು ತುದಿ ಸೇರಿಸಿದರೆ ಕಾರು ಹೊರಡುತ್ತದೆ, ಬಿಡಿಸಿದರೆ ಬರೀ ಟಿಕ್ ಎನ್ನುತ್ತದೆ. ಅವನು ಯಾರಿಗೂ ಹೇಳಲಿಲ್ಲ.

ಗುನಾರ್ಸೋನ ಮಗಳ ಮದುವೆ ಭಾನುವಾರ. ಅಂಗಡಿಗೆ ಬೀಗ, ಮನೆಯವರೆಲ್ಲ ಛತ್ರದಲ್ಲಿ, ಪಂಜರ ಹಿತ್ತಲಲ್ಲಿ. ಬೆಳಿಗ್ಗೆ ಪ್ರಾಪ್ತೋ ಮದುವೆಗೆ ಹೊರಟವನಂತೆ ಹೊಸ ಬಾತಿಕ್ ಅಂಗಿ ತೊಟ್ಟು, ಎದುರುಮನೆಯ ಮೇಷ್ಟ್ರ ಮುಂದೆಯೇ ಏಳೆಂಟು ಸಲ ಕೀಲಿ ತಿರುಗಿಸಿದ. ಟಿಕ್. ಬರಲಾಗುವುದಿಲ್ಲ ಎಂದು ಮೇಷ್ಟ್ರ ಎದುರೇ ಫೋನ್ ಮಾಡಿ ಕ್ಷಮೆ ಕೇಳಿದ. ಮೇಷ್ಟ್ರು ಚರ್ಚಿಗೆ ಹೊರಟ ಮೇಲೆ ತಂತಿ ಸೇರಿಸಿ, ಹಿಂದಿನ ಗದ್ದೆದಾರಿಯಲ್ಲಿ ಕಾರು ಬಿಟ್ಟ.

ಎಲ್ಲ ಅಂದುಕೊಂಡಂತೆಯೇ ಆಯಿತು. ಬರುವಾಗ ಮಾತ್ರ, ಬಟ್ಟೆ ಮುಚ್ಚಿದ ಪಂಜರದೊಳಗಿಂದ ಅವಳು ಪೂರ್ತಿಯಾಗಿ, ತೊದಲದೆ ಕರೆದಳು. ಮರದ ಕೆಳಗೆ ಕಾರು ನಿಲ್ಲಿಸಿ ಸ್ಟೀರಿಂಗಿಗೆ ಹಣೆಯಿಟ್ಟು ಅತ್ತ. ಆಮೇಲೆ ಬೆಟ್ಟದ ಮೇಲಿನ ಗೆಳೆಯನ ತೋಟದಲ್ಲಿ ಪಂಜರವನ್ನು ಬಚ್ಚಿಟ್ಟು ಮನೆಗೆ ಬಂದು ತಂತಿ ಬಿಡಿಸಿದ.

ಸೋಮವಾರ ಗುನಾರ್ಸೋ ಪೊಲೀಸನನ್ನು ಕರೆದುಕೊಂಡು ಬಂದ. ಮೇಷ್ಟ್ರು ಕಂಡದ್ದನ್ನು ಕಂಡಂತೆ ಹೇಳಿದರು. ಪೊಲೀಸ್ ತಾನೇ ಕೀಲಿ ತಿರುಗಿಸಿದ. ಟಿಕ್. ಆದರೂ ಇರಲಿ ಎಂದು ಕುಂಚೊರೊನನ್ನು ಕರೆಸಿದ. ಪ್ರಾಪ್ತೋಗೆ ಒಳಗೊಳಗೇ ನೆಮ್ಮದಿ. ಈ ಕಾರಿನ ಮುಂದೆ ಸೋತವನಿಗಿಂತ ಒಳ್ಳೆಯ ಸಾಕ್ಷಿ ಯಾರಿದ್ದಾರೆ?

ಕುಂಚೊರೊ ಬಾನೆಟ್ ಎತ್ತಿ ಬ್ಯಾಟರಿಯ ಕೆಳಗೆ ಕೈ ಹಾಕಿ, ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಯೊಂದನ್ನು ಒರೆಸಿ ತೋರಿಸಿದ. "ಗುರುವಾರ ನೀವು ಸುಮಿರಾ ಅಮ್ಮನ ಗೋರಿ ಹತ್ರ ಹೋಗಿದ್ರಲ್ಲ ಸಾರ್, ಆಗ ಸಿಕ್ಕಿಸಿ ಹೋಗಿದ್ದೆ. ಗಾಡಿ ಯಾವಾಗ ಸ್ಟಾರ್ಟ್ ಆಯ್ತು, ಯಾವಾಗ ಆಗ್ಲಿಲ್ಲ, ಎಲ್ಲಾ ಇದು ಬರ್ಕೊಳ್ಳುತ್ತೆ, ಫೋನಲ್ಲಿ ನೋಡ್ಬಹುದು. ನಿಮ್ಮ ಗಾಡಿ ನನ್ನ ನಿದ್ದೆನೇ ಕೆಡಿಸಿತ್ತು." ಫೋನನ್ನು ಕಣ್ಣ ಹತ್ತಿರ ಹಿಡಿದು ಓದುತ್ತಿದ್ದಂತೆ ಅವನ ಮುಖ ಅರಳಿತು. "ನಿನ್ನೆ ಚೆನ್ನಾಗೇ ಓಡಿದೆಯಲ್ಲ! ಒಂಬತ್ತೂ ನಲವತ್ತಕ್ಕೆ ಹೊರಟಿದೆ, ಒಂದು ಗಂಟೆಗೆ ವಾಪಸ್. ನಡುವೆ ಮೂರು ಸಲ ಎಂಜಿನ್ ಆಫ್ ಆಗಿದೆ, ಹನ್ನೊಂದೂವರೆಗಂತೂ ಹತ್ತು ನಿಮಿಷ. ದಾರೀಲಿ ಏನಾದ್ರೂ ತೊಂದ್ರೆ ಆಯ್ತಾ ಸಾರ್?"