ಐವತ್ತೆರಡನೇ ನಂಬರಿನ ಕಂಪ್ಯೂಟರ್

“ಬರ್ಕಳಿ ಮೇಡಂ, ಭವ್ಯನ ಕೆಲ್ಸನೇ ಇದು. ಕಂಪ್ಯೂಟ್ರೇ ಅವಳ ನಂಬರ್ ತೋರುಸ್ತಾ ಅದೆ,” ಎಂದು ಶಿವರುದ್ರಸ್ವಾಮಿ ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದರು.

2025ರ ನವೆಂಬರ್ 21, ಶುಕ್ರವಾರ, ಬೆಳಿಗ್ಗೆ 10.20. ಚಾಮರಾಜನಗರದಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಠಾಣೆ. ಬಂದವರು ಗುಂಡ್ಲುಪೇಟೆಯ ಹೂ ಬೆಳೆಗಾರರ ಸಂಘವೊಂದರ ಕಾರ್ಯದರ್ಶಿ. ಹಿಂದಿನ ದಿನ ಸಂಘದ ಸರ್ವರಿನಿಂದ ನೌಕರರ ಸೇವಾ ದಾಖಲೆಗಳನ್ನೆಲ್ಲ ಯಾರೋ ಅಳಿಸಿದ್ದರು. ದೂರು ಕೊಟ್ಟೇ ಬನ್ನಿ ಎಂದು ಅಧ್ಯಕ್ಷರು ಹಟ ಹಿಡಿದಿದ್ದರಂತೆ.

ಇನ್‌ಸ್ಪೆಕ್ಟರ್ ನಾಗರತ್ನ ಹಾಳೆ ನೋಡಿದರು. ತಿಳಿಯದ್ದನ್ನು ಕೇಳಿ ತಿಳಿದುಕೊಳ್ಳಲು ಅವರಿಗೆ ನಾಚಿಕೆಯಿರಲಿಲ್ಲ, ಕೇಳಿದರು. ಮನೆಗೊಂದು ನಂಬರಿದ್ದ ಹಾಗೆ ಕಚೇರಿಯ ಒಂದೊಂದು ಕಂಪ್ಯೂಟರಿಗೂ ಒಂದು ಐಪಿ ವಿಳಾಸ. ಅವನ್ನೆಲ್ಲ ಬದಲಿಸುವ ಕೆಲಸ ಸಂಘದ ಪ್ಲಾನಿನಲ್ಲಿ ಗುರುವಾರಕ್ಕೆ ನಿಗದಿಯಾಗಿತ್ತು. ಭವ್ಯಳದು ಹನ್ನೆರಡು ಹೋಗಿ ಐವತ್ತೆರಡು. ಅಳಿಸಿದ್ದು ಐವತ್ತೆರಡರಿಂದ, ಗುರುವಾರ ಮಧ್ಯಾಹ್ನ 1.35ಕ್ಕೆ.

ಎಫ್‌ಐಆರ್ ಆಯಿತು. ಶಿವರುದ್ರಸ್ವಾಮಿಯವರನ್ನೂ ಕೂರಿಸಿಕೊಂಡು ಜೀಪು ತೆರಕಣಾಂಬಿ ಮೇಲೆ ಗುಂಡ್ಲುಪೇಟೆ ಸೇರುವಾಗ 12.40.

ಕಂಪ್ಯೂಟರ್ ಆಪರೇಟರ್ ಭವ್ಯ ಅತ್ತು ಮುಗಿಸಿದ್ದಳು. ಗುರುವಾರ 1.35ರ ಹೊತ್ತಿಗೆ ಕಂಪ್ಯೂಟರ್ ಆಫ್ ಮಾಡಿ ಹಿಂದಿನ ಕೋಣೆಯಲ್ಲಿ ಒಬ್ಬಳೇ ಊಟ ಮಾಡುತ್ತಿದ್ದಳಂತೆ. ಕಂಡವರಿಲ್ಲ.

“ಆರು ವರ್ಷ ದಿನಗೂಲಿ ಮಾಡಿವ್ನಿ ಮೇಡಂ. ಸೋಮವಾರ ಕಾಯಂ ಆರ್ಡರ್. ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕ್ಕಂಡನಾ?”

ಸೋಮವಾರದೊಳಗೆ ಇವಳ ಹೆಸರು ಎಫ್‌ಐಆರ್‌ನಿಂದ ಬಿಡಿಸದಿದ್ದರೆ ಆ ಆರ್ಡರ್ ಹೋದ ಹಾಗೆಯೇ. ನಾಗರತ್ನ ನೆಟ್‌ವರ್ಕ್ ಕೆಲಸದ ಕನಕರಾಜುವನ್ನು ಬೇಗೂರಿನಿಂದ ಕರೆಸಿದರು.

“ಭವ್ಯನ ನಂಬರ್ ಬದಲಿಸಿದ್ದು ನಿನ್ನೆ ಎಷ್ಟೊತ್ತಿಗೆ?”

“ನಿನ್ನೆ ಇಲ್ಲ ಮೇಡಂ. ಇವತ್ತು ಬೆಳಿಗ್ಗೆ ಬಂದು ಮಾಡ್ಬುಟ್ಟು ಹೋದೆ. ಎಲ್ಲಾರ್ದೂ.”

“ಪ್ಲಾನಲ್ಲಿ ನಿನ್ನೆ ಅಂತಿದೆ.”

“ನಿನ್ನೆ ಅಮಾಸೆ. ಅಮಾಸೆ ದಿನ ಹೊಸದು ಮುಟ್ಟಬೇಡ ಅಂದ್ಳು ನಮ್ಮವ್ವ.”

“ಮತ್ತೆ ನಿನ್ನೆ ಬಂದು ಮಧ್ಯಾಹ್ನದ ಗಂಟ ಇಲ್ಲಿ ಏನ್ಲಾ ಮಾಡ್ದೆ?” ಎಂದರು ಹೆಡ್ ಕಾನ್‌ಸ್ಟೇಬಲ್ ಬೆಟ್ಟಯ್ಯ.

“ತಂತಿ ಧೂಳು ಒರೆಸ್ದೆ ಸಾರ್.”

ಅಮಾಸೆ ಎಂದರೆ ಕಾರ್ಯದರ್ಶಿ ಬಯ್ಯುತ್ತಾರೆಂದು ಅವನು ಬಾಯಿಬಿಟ್ಟಿರಲಿಲ್ಲ. ಒಂದು ಗಂಟೆಯವರೆಗೆ ಕೋಣೆಯಿಂದ ಕೋಣೆಗೆ ಓಡಾಡಿದ್ದ. ಪ್ಲಾನಿನಲ್ಲಿ ಕಾರ್ಯದರ್ಶಿಯ ಕಂಪ್ಯೂಟರ್ ಕೊನೆಯದು, ಮೂರು ಗಂಟೆಗೆ. “ನಿಮ್ದು ನಾಳೆ ಸಾರ್” ಎಂದು ಅವರಿಗೆ ಹೇಳಿ ಬಸ್ಸು ಹತ್ತಿದ್ದ.

ನಾಗರತ್ನ ನಕ್ಕುಬಿಟ್ಟರು. ಗುರುವಾರ ಆ ಕಟ್ಟಡದಲ್ಲಿ ಐವತ್ತೆರಡು ಎಂಬ ಕಂಪ್ಯೂಟರೇ ಇರಲಿಲ್ಲ. ಭವ್ಯಳದು ಬದಲಾಗಿದೆ ಎಂದು ನಂಬಿದವರು ಯಾರೋ ಅದನ್ನು ತಮ್ಮ ಕಂಪ್ಯೂಟರಿಗೆ ಕೈಯಾರೆ ಹಾಕಿಕೊಂಡಿದ್ದಾರೆ. ಪ್ಲಾನಿನ ಪ್ರತಿ ಇದ್ದದ್ದು ಕನಕರಾಜು ಮತ್ತು ಕಾರ್ಯದರ್ಶಿ ಇಬ್ಬರ ಬಳಿ ಮಾತ್ರ. ಬದಲಾಗಿಲ್ಲವೆಂದು ಬಲ್ಲ ಕನಕರಾಜು ಐವತ್ತೆರಡು ಹಾಕುವವನಲ್ಲ.

3.10ಕ್ಕೆ ಇಬ್ಬರು ಪಂಚರ ಎದುರು ಕಾರ್ಯದರ್ಶಿಯ ಕಂಪ್ಯೂಟರನ್ನು ವಶಪಡಿಸಿಕೊಂಡು ಪಂಚನಾಮೆ ಬರೆದರು. ನಂಬರ್ ಬದಲಿಸಿದ್ದು ಗುರುವಾರ 1.31ಕ್ಕೆ, ಹಳೆಯದಕ್ಕೆ ಮರಳಿಸಿದ್ದು 1.44ಕ್ಕೆ ಎಂಬುದು ಅದರಲ್ಲೇ ದಾಖಲಾಗಿತ್ತು.

ಶಿವರುದ್ರಸ್ವಾಮಿ ಒಪ್ಪಿಕೊಂಡರು. ಮೂವತ್ತನೇ ತಾರೀಕಿಗೆ ಅವರಿಗೆ ಅರವತ್ತು ತುಂಬಿ ನಿವೃತ್ತಿಯಾಗುತ್ತಿತ್ತು. ಕಾಗದದ ಸೇವಾ ಪುಸ್ತಕವನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು. ಹುಟ್ಟಿದ ದಿನ ಉಳಿದದ್ದು ಸರ್ವರಿನಲ್ಲಿ ಮಾತ್ರ; ಅದೂ ಅಳಿದರೆ ಬೇರೆ ದಿನ ಬರೆಸಬಹುದಿತ್ತು. ಮೂವತ್ತಾರು ವರ್ಷ ದಿನವೂ ಕಚೇರಿ ಬಾಗಿಲು ತೆಗೆದವರು ಅವರೇ. ಭಾನುವಾರವೂ ಏನಾದರೊಂದು ನೆಪ ಮಾಡಿಕೊಂಡು ಬರುತ್ತಿದ್ದರೆಂದು ಭವ್ಯಳೇ ಹೇಳಿದಳು.

“ಇನ್ನೆರಡು ವರ್ಷ ಕೂತ್ಕಳನ ಅಂತ,” ಎಂದರು ಅವರು. “ಮನೇಲಿ ನನ್ನ ಯಾರೂ ಏನೂ ಕೇಳಲ್ಲ ಮೇಡಂ.”

“ಭವ್ಯ?”

“ಚಿಕ್ಕೋಳು. ಇನ್ನೊಂದು ಕಡೆ ಕೆಲ್ಸ ಸಿಕ್ತದೆ ಅನ್ಕಂಡೆ.”

ಶಿವರುದ್ರಸ್ವಾಮಿ ಬಂಧನದ ಕಾಗದಕ್ಕೆ ಸಹಿ ಹಾಕುತ್ತಿದ್ದಾಗ ಕಚೇರಿಯ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಅವರ ಎಡಗೈ ತಾನಾಗಿಯೇ ಅತ್ತ ಚಾಚಿ, ನಡುವೆ ನಿಂತಿತು. ಎರಡು ಸಲ ಬಡಿದ ಮೇಲೆ ಭವ್ಯ ಒಳಗೆ ಬಂದು ಎತ್ತಿಕೊಂಡಳು.