ಬಾಗಿಲ ಮೇಲಿನ ಎರಡನೇ ಹೆಸರು

ಸ್ಕೀ ಕಟ್ಟಿದವರನ್ನು ಗುಡ್ಡದ ಮೇಲಕ್ಕೆ ಎಳೆದೊಯ್ಯುವ ಲಿಫ್ಟಿನ ಅಡ್ಡಪಟ್ಟಿ ಬಂದು ತಾಗಿದ ಕೂಡಲೇ ವೈದೇಹಿ ಕುರ್ಚಿಯ ಮೇಲೆ ಕೂರುವಂತೆ ಕೂತುಬಿಟ್ಟಳು. ಮರುಕ್ಷಣ ಹಿಮದ ಮೇಲೆ ಅಂಗಾತ ಬಿದ್ದಿದ್ದಳು.

"ಕೂರಬಾರದು, ಒರಗಿ ನಿಲ್ಲಬೇಕು," ಎನ್ನುತ್ತಾ ಲಿಫ್ಟ್ ನೋಡಿಕೊಳ್ಳುವ ಅಜ್ಜಿ ಅವಳನ್ನು ಎಬ್ಬಿಸಿದಳು. "ಇದು ಇಬ್ಬರ ಲಿಫ್ಟ್. ಒಬ್ಬಳೇ ಹೊರಟರೆ ಮತ್ತೆ ಬೀಳುತ್ತೀಯ."

ಅಜ್ಜಿ ಸಾಲಿನಲ್ಲಿ ಒಂಟಿಯಾಗಿ ನಿಂತಿದ್ದ ಯುವಕನನ್ನು ಕೈಬೀಸಿ ಕರೆದಳು.

ಬದರಿನಾಥ.

ದೇವರೇ, ಇಷ್ಟು ಜನರಲ್ಲಿ ಇವನೇ ಸಿಗಬೇಕಿತ್ತೇ...

ಬೇಡ ಎನ್ನುವಷ್ಟರಲ್ಲಿ ಪಟ್ಟಿ ಇಬ್ಬರನ್ನೂ ಗುಡ್ಡದ ಮೇಲಕ್ಕೆ ಎಳೆಯತೊಡಗಿತ್ತು.

ಅದು ಎರಡು ಸಾವಿರದ ಏಳರ ಫೆಬ್ರವರಿ. ಸ್ವೀಡನ್ನಿನ ನಾರ್‌ಶೋಪಿಂಗ್ ಊರಾಚೆಯ ಈ ಪುಟ್ಟ ಗುಡ್ಡಕ್ಕೆ ಅವರ ಆಫೀಸಿನವರೆಲ್ಲ ಸ್ಕೀಯಿಂಗಿಗೆ ಬಂದಿದ್ದರು. ಎಂಟು ತಿಂಗಳ ಕೆಲಸಕ್ಕೆಂದು ಬಂದ ವೈದೇಹಿಗೆ ನಾಡಿದ್ದೇ ಬೆಂಗಳೂರಿನ ವಿಮಾನ.

ಬದರಿ ಅವಳಿಗೆ ಬಸ್ಸಿನ ಟಿಕೆಟ್ಟು ಕೊಳ್ಳುವುದರಿಂದ ಹಿಡಿದು ಹಿಮದಲ್ಲಿ ಜಾರದೆ ನಡೆಯುವುದರವರೆಗೆ ಎಲ್ಲ ಕಲಿಸಿದ್ದ. ದಿನವೂ ಫೀಕಾ ಎನ್ನುವ ಕಾಫಿ ವಿರಾಮದ ಹೊತ್ತಿನಲ್ಲಿ ಇಬ್ಬರೂ ಒಂದೇ ಮೇಜಿಗೆ ಕಾಫಿ ತರುತ್ತಿದ್ದರು. ಮನಸ್ಸಿನ ಮಾತು ಮಾತ್ರ ಇಬ್ಬರ ಬಾಯಿಂದಲೂ ಬಂದಿರಲಿಲ್ಲ.

ಇಲ್ಲಿ ಮನೆಯಲ್ಲಿರುವವರ ಹೆಸರು ಬಾಗಿಲ ಮೇಲಿರುತ್ತದೆ. ಮೂರು ವಾರದ ಹಿಂದೆ ಆಫೀಸಿನ ಸ್ವೀಡಿಷ್ ಗೆಳತಿಯೊಬ್ಬಳು ನಗುತ್ತಾ ಹೇಳಿದ್ದಳು: "ಬದರಿಯ ಹೊಸ ಮನೆಯ ಬಾಗಿಲಲ್ಲಿ ಎರಡು ಉದ್ದುದ್ದ ಹೆಸರಿವೆ, ನನಗೆ ಓದಲಾಗಲಿಲ್ಲ. ಯಾರೋ ಜೊತೆಗಿರಬೇಕು."

ಅಂದಿನಿಂದ ವೈದೇಹಿ ತನ್ನ ಸೀಟಿನಲ್ಲೇ ಕಾಫಿ ಕುಡಿಯುತ್ತಿದ್ದಳು.

"ಫೀಕಾಗೆ ಯಾಕೆ ಬರ್ತಿಲ್ಲ?" ಬದರಿ ಕೇಳಿದ.

"ಕೆಲಸ ಇತ್ತು. ನೀವು ಆರಾಮಾಗಿ ಕುಡೀರಿ."

"ಯಾವಾಗಿಂದ ನಾನು 'ನೀವು' ಆದೆ?"

ಅವಳು ದೂರ ಸರಿಯಲು ನೋಡಿದಳು. ಸ್ಕೀ ಜಾರಿ ಅವನ ತೋಳು ಹಿಡಿದು ಭುಜಕ್ಕೇ ಒರಗುವಂತಾಯಿತು. ನಡುದಾರಿಯಲ್ಲಿ ಇಳಿಯುವಂತಿಲ್ಲ. ಕಣ್ಣೊರೆಸಿಕೊಳ್ಳೋಣವೆಂದರೆ ಹಿಡಿದ ಕೈ ಬಿಡುವಂತಿಲ್ಲ.

"ಅಳ್ತಿದ್ದೀಯಾ?"

"ಗಾಳಿ."

"ನಾಡಿದ್ದು ಹೋಗ್ತೀಯಂತೆ. ಬೇರೆಯವರ ಬಾಯಿಂದ ಗೊತ್ತಾಗಬೇಕಿತ್ತಾ?"

"ನಿಮ್ಮನೇಲಿ ಯಾರಿದ್ದಾರೆ ಅಂತ ನಂಗೂ ಬೇರೆಯವರಿಂದಾನೇ ಗೊತ್ತಾಗಿದ್ದು. ಬಾಗಿಲ ಮೇಲೆ ಎರಡು ಹೆಸರಂತೆ..."

ಬದರಿಯ ಕಿವಿ ಕೆಂಪಾಯಿತು.

"ಹೌದು. ಒಂದು ಗೋಪೀನಾಥ. ಪಾಸ್‌ಪೋರ್ಟಲ್ಲಿ ನಮ್ಮಪ್ಪನ ಹೆಸರೇ ನನ್ನ ಸರ್‌ನೇಮ್ ಅಲ್ವಾ?"

"ಇನ್ನೊಂದು?"

"ದತ್ತಾತ್ರೇಯ."

ವೈದೇಹಿ ತಟ್ಟನೆ ಅವನತ್ತ ತಿರುಗಿದಳು.

ಅದು ಅವಳ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಅವಳ ಸರ್‌ನೇಮೂ ಅದೇ. ಈ ದೇಶದ ಕಚೇರಿಗಳಲ್ಲಿ "ದತ್ತಾತ್ರೇಯ" ಎಂದು ಕೂಗಿದಾಗಲೆಲ್ಲ ಅವಳು ಎದ್ದು ನಿಲ್ಲುವುದನ್ನು ಕಂಡು ಇವನು ಅದೆಷ್ಟು ಸಲ ನಕ್ಕಿದ್ದ...

"ಮನೆ ಸಿಕ್ಕ ದಿನ, ಬಾಗಿಲಿಗೆ ಯಾವ ಹೆಸರು ಹಾಕ್ಬೇಕು ಅಂತ ಕೇಳಿದ್ರು. ಕೈ ತಾನೇ ಬರೆದುಬಿಡ್ತು. ನಿನ್ನ ಕರ್ಕೊಂಡು ಹೋಗಿ, ತೋರಿಸಿ, ಅಲ್ಲೇ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಮಾತೇ ಬಿಟ್ಟೆ. ಇಷ್ಟ ಇಲ್ವೇನೋ ಅಂದ್ಕೊಂಡೆ."

"ಮತ್ತೆ ತೆಗೆದುಹಾಕ್ಬೇಕಿತ್ತು."

"ಮೂರು ಸಲ ಸ್ಕ್ರೂಡ್ರೈವರ್ ಹಿಡ್ಕೊಂಡು ನಿಂತೆ. ಆಗ್ಲಿಲ್ಲ."

ಮೂರು ವಾರ... ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲ. ಈಗ ಉಳಿದಿರುವುದು ಒಂದೂವರೆ ದಿನ.

ಗುಡ್ಡದ ತುದಿ ಹತ್ತಿರವಾಯಿತು.

"ವೈದೇಹಿ, ಈಗ ಬಿಡಬೇಕು."

ಅವಳು ಪಟ್ಟಿ ಬಿಟ್ಟಳು. ಅವನ ತೋಳು ಬಿಡಲಿಲ್ಲ.

"ನಾಡಿದ್ದು ಹೋಗ್ಲೇಬೇಕು ಬದರಿ. ಪರ್ಮಿಟ್ ಮುಗೀತು. ನನ್ನ ಕೈಲಿ ಏನೂ ಇಲ್ಲ."

"ಗೊತ್ತು. ನನ್ನ ಕೈಲೂ ಇಲ್ಲ." ಅವನ ದನಿ ತಗ್ಗಿತು. "ಹೆಸರು... ಅಲ್ಲೇ ಇರಲಾ?"

ಅವಳು ಕೈಗವಸಿನಿಂದ ಕಣ್ಣೊರೆಸಿಕೊಂಡಳು.

"ಇರಲಿ. ಆದ್ರೆ ನೀನು ಮೊದಲು ನಮ್ಮಪ್ಪನ್ನ ಒಂದು ಮಾತು ಕೇಳು. ಅವರ ಹೆಸರು ಅದು."

"ಏನಂತ ಕೇಳ್ಲಿ?"

"ಕೆಳಗೆ ಹೋಗೋಷ್ಟರಲ್ಲಿ ಯೋಚಿಸು," ಎಂದು ಅವಳು ಕೈ ಚಾಚಿದಳು. "ನಂಗೆ ಇಳಿಯೋಕೂ ಬರಲ್ಲ. ಹಿಡ್ಕೋ."