ಚಳಿಗಾಲಕ್ಕೆ ಮೊದಲು ಕಳುವಾದ ದೋಣಿ

ಅಕ್ಟೋಬರ್ 23, ಮಂಗಳವಾರ, ಬೆಳಿಗ್ಗೆ 8.40. ಫಿನ್‌ಲ್ಯಾಂಡಿನ ಸರೋವರದಂಚಿನ ಪುಟ್ಟ ಊರು ಕೋಯಿವುರಂತಾದ ಪೊಲೀಸ್ ಠಾಣೆಗೆ ಎಪ್ಪತ್ತೆರಡರ ಹೆಲ್ವಿ ಏಪ್ರನ್ ಕೂಡ ಕಳಚದೆ ಓಡಿಬಂದಳು.

"ಸೈಮಿ, ದೋಣಿ ಇಲ್ಲ ಕಣೇ! ಕಟ್ಟಿದ ಜಾಗದಲ್ಲಿ ಬರೀ ನೀರಿದೆ."

ಇನ್ಸ್‌ಪೆಕ್ಟರ್ ಸೈಮಿ ಕುರ್ಚಿ ಎಳೆದುಕೊಟ್ಟಳು. "ಕೊನೇ ಸಲ ಯಾವಾಗ ನೋಡಿದ್ರಿ?"

"ಭಾನುವಾರ ಸಂಜೆ."

"ಅರ್ವೊ ಅವರಿಗೆ ಹೇಳಿದ್ರಾ?"

ಹೆಲ್ವಿಯ ಮುಖ ಬಿಳಿಚಿಕೊಂಡಿತು. ಅವಳ ಗಂಡ ಅರ್ವೊ ಆಸ್ಪತ್ರೆಯಲ್ಲಿದ್ದ. ಶುಕ್ರವಾರ ಹೃದಯದ ಆಪರೇಷನ್. ಹಾಸಿಗೆಯಲ್ಲಿ ಮಲಗಿಕೊಂಡೂ ಅವನದು ಒಂದೇ ಜಪ: ಚಳಿಗಾಲಕ್ಕೆ ದೋಣಿ ದಡದ ಮೇಲೆಳೆದಾಯಿತೇ, ಎಂಜಿನ್ನಿನ ನೀರು ಇಳಿಸಿದಿರಾ? ಎಲ್ಲ ಆಯಿತೆಂದು ಹೆಲ್ವಿ ಸುಳ್ಳು ಹೇಳಿದ್ದಳು.

"ಗಾಬರಿ ಆಗೋ ಸುದ್ದಿ ಏನೂ ಹೇಳ್ಬೇಡಿ ಅಂದಿದ್ದಾರೆ ಡಾಕ್ಟ್ರು. ಇದು ಗೊತ್ತಾದ್ರೆ ಅವರ ಎದೆ ಅಲ್ಲೇ ನಿಂತುಹೋಗುತ್ತೆ, ತಾಯಿ."

9.05ಕ್ಕೆ ದೂರು ದಾಖಲಾಯಿತು. 9.30ಕ್ಕೆ ದಡದಲ್ಲಿ ಮಹಜರು. ಹಗ್ಗವನ್ನು ಯಾರೂ ಕತ್ತರಿಸಿರಲಿಲ್ಲ. ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ, ಗೂಟಕ್ಕೆ ನೇತುಹಾಕಿದ್ದರು.

"ಇಷ್ಟು ಮರ್ಯಾದಸ್ಥ ಕಳ್ಳನನ್ನ ನಾನು ನೋಡೇ ಇಲ್ಲ" ಎಂದ ಕಾನ್‌ಸ್ಟೇಬಲ್ ಟಾರ್ಮೊ. "ಅಲ್ಲ ಮೇಡಂ, ಇನ್ನು ಹತ್ತು ದಿನದಲ್ಲಿ ಸರೋವರ ಹೆಪ್ಪುಗಟ್ಟುತ್ತೆ. ಈಗ ದೋಣಿ ಕದ್ದು ಏನು ಮಾಡ್ತಾನೆ, ಉಪ್ಪಿನಕಾಯಿ ಹಾಕ್ತಾನಾ?"

ಸೈಮಿಗೆ ನಗು ಬರಲಿಲ್ಲ. ಅಂದು ರಾತ್ರಿ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ ಎಂದು ರೇಡಿಯೊ ಹೇಳಿತ್ತು. ಎಂಜಿನ್ನಿನೊಳಗೆ ನೀರು ಉಳಿದಿದ್ದರೆ ಬೆಳಗಾಗುವುದರೊಳಗೆ ಹೆಪ್ಪುಗಟ್ಟಿ ಕಬ್ಬಿಣವನ್ನೇ ಸೀಳುತ್ತದೆ. ಆಮೇಲೆ ದೋಣಿ ಸಿಕ್ಕರೂ ಅಷ್ಟೇ, ಸಿಗದಿದ್ದರೂ ಅಷ್ಟೇ.

ಹಗ್ಗವನ್ನೇ ಇಷ್ಟು ಜೋಪಾನ ಮಾಡಿದವನು ಎಂಜಿನ್ನನ್ನೂ ಚಳಿಯಿಂದ ಕಾಪಾಡಲು ಏನಾದರೂ ಕೊಂಡಿರಬೇಕು ಎಂದುಕೊಂಡು ಹನ್ನೊಂದು ಗಂಟೆಗೆ ಇಬ್ಬರೂ ಊರಿನ ಏಕೈಕ ಹಾರ್ಡ್‌ವೇರ್ ಅಂಗಡಿಗೆ ಹೋದರು.

"ಈ ವಾರ ದೋಣಿ ಎಂಜಿನ್ನಿಗೆ ಹಾಕೋ ದ್ರವ ಯಾರ್ಯಾರು ಒಯ್ದರು?"

"ಅದೇ, ಹೆಪ್ಪುಗಟ್ಟದ ಹಾಗೆ ಹಾಕೋದು ತಾನೇ? ಎಲ್ಲರೂ ಒಯ್ದರು. ದೋಣಿ ಇದ್ದವರೆಲ್ಲ" ಎಂದಳು ಅಂಗಡಿಯವಳು. ಆಮೇಲೆ ಹುಬ್ಬೇರಿಸಿದಳು. "ಕೌಕೊನೂ ಒಯ್ದ. ಹತ್ತು ಲೀಟರು. ಅವನಿಗೆಲ್ಲಿದೆ ದೋಣಿ?"

ಟಾರ್ಮೊನ ಪೆನ್ನು ನಿಂತಿತು. ಕೌಕೊ ಅರ್ವೊನ ಪಕ್ಕದ ಮನೆಯವನು. ಒಂದು ಕಾಲದಲ್ಲಿ ಇಬ್ಬರಿಗೂ ಸೇರಿ ಒಂದೇ ದೋಣಿ. ಈಗ ಹತ್ತೊಂಬತ್ತು ವರ್ಷದಿಂದ ಮಾತಿಲ್ಲ, ಕತೆಯಿಲ್ಲ. ಊರಿನ ಸೌನಾಕ್ಕೆ, ಅಂದರೆ ಬಿಸಿಹಬೆಯ ಸ್ನಾನದ ಕೋಣೆಗೆ, ಒಬ್ಬ ಬಂದರೆ ಇನ್ನೊಬ್ಬ ಎದ್ದು ಹೋಗುತ್ತಿದ್ದ.

ಮಧ್ಯಾಹ್ನ 1.15. ಕೌಕೊನ ಅಡುಗೆಮನೆಯ ಮೇಜಿನ ಮೇಲೆ, ಏಲಕ್ಕಿ ಬನ್ನಿನ ತಟ್ಟೆಯ ಪಕ್ಕದಲ್ಲೇ, ದೋಣಿಯ ಬ್ಯಾಟರಿ ಚಾರ್ಜಿಗೆ ಕೂತಿತ್ತು.

"ಇದು ಯಾರದು?"

"ಅರ್ವೊಂದು."

"ದೋಣಿ?"

"ಹಿಂದಿನ ಕೊಟ್ಟಿಗೇಲಿದೆ. ನೋಡ್ಕೋ ಹೋಗು."

ಕೊಟ್ಟಿಗೆಯಲ್ಲಿ ದೋಣಿ ಮರದ ಆಸರೆಯ ಮೇಲೆ ಕೂತಿತ್ತು. ತಳ ಉಜ್ಜಿ ತೊಳೆದಿತ್ತು, ಎಂಜಿನ್ನಿನ ನೀರು ಇಳಿಸಿತ್ತು, ಟಾರ್ಪಾಲು ಬಿಗಿದಿತ್ತು. ಸೈಮಿ ಉಸಿರು ಬಿಟ್ಟಳು. ಬೆಳಿಗ್ಗೆಯಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಆದರೂ ಕಾನೂನು ಕಾನೂನೇ. ಎರಡನೇ ಮಹಜರು ಬರೆದು ಅವಳು ಒಳಗೆ ಬಂದಳು.

"ಹೆಲ್ವಿ ಅಮ್ಮನ್ನ ಒಂದು ಮಾತು ಕೇಳಬಹುದಿತ್ತಲ್ಲ, ಯಜಮಾನ್ರೇ?"

"ಕೇಳಿದ್ರೆ ಅವಳು ಅವನನ್ನ ಕೇಳ್ತಿದ್ಲು. ಅವನು ಬೇಡ ಅಂತಿದ್ದ." ಮುದುಕ ಬೆರಳುಗಳನ್ನು ನೋಡಿಕೊಂಡ. ಎಷ್ಟು ಉಜ್ಜಿದರೂ ಹೋಗದ ಗ್ರೀಸು. "ಹತ್ತೊಂಬತ್ತು ವರ್ಷದ ಹಿಂದೆ ಎಂಜಿನ್ನಿನ ನೀರು ಇಳಿಸೋ ಕೆಲಸ ನಂದಾಗಿತ್ತು. ಮೇಲಿನ ನಲ್ಲಿ ತೆಗೆದೆ. ಕೆಳಗಿಂದು ಎಂಜಿನ್ನಿನ ಚಕ್ರದ ಹಿಂದೆ ಇರುತ್ತೆ, ಮರೆತೆ. ಎಂಜಿನ್ ಒಡೀತು. ನೆನಪೇ ಇಲ್ಲ ಅನ್ನೋ ಬದ್ಲು, ಎರಡೂ ತೆಗೆದಿದ್ದೆ ಅಂತ ವಾದ ಮಾಡ್ದೆ. ತಪ್ಪಾಯ್ತು ಅಂದಿದ್ರೆ ಅವತ್ತೇ ಮುಗೀತಿತ್ತು."

"ಉಪಕಾರಕ್ಕೆ ಮಾಡಿದ್ದು ಅಂತ ಬರೀಲಾ?"

"ಖಬರ್ದಾರ್! ಕಳ್ಳ ಅಂತಲೇ ಬರ್ಕೋ. ಉಪಕಾರ ಅಂತ ಗೊತ್ತಾದ್ರೆ ಅವನು ದೋಣಿನ ವಾಪಸ್ ನೀರಿಗೆ ತಳ್ಳಿಸ್ತಾನೆ."

2.10ಕ್ಕೆ ಕೌಕೊನನ್ನು ಬಂಧಿಸಲಾಯಿತು. ಠಾಣೆಗೆ ಎಡಕ್ಕೆ ತಿರುಗಬೇಕಿದ್ದ ಜೀಪು ಬಲಕ್ಕೆ, ಆಸ್ಪತ್ರೆಯ ದಾರಿಗೆ ತಿರುಗಿತು.

ಸೈಮಿ ಮೊದಲು ಡಾಕ್ಟರ ಒಪ್ಪಿಗೆ ಪಡೆದಳು. ಕೋಣೆಯ ಬಾಗಿಲಲ್ಲಿ ಇಬ್ಬರು ಪೊಲೀಸರ ನಡುವೆ ನಿಂತ ಕೌಕೊನನ್ನು ಕಂಡು ಅರ್ವೊ ದಿಂಬಿನಿಂದ ತಲೆಯೆತ್ತಿದ. ಮಂಚದ ಪಕ್ಕ ಕೂತಿದ್ದ ಹೆಲ್ವಿ ಕೈ ಬಾಯಿಗೆ ಅಡ್ಡ ಇಟ್ಟುಕೊಂಡಳು.

"ಏನು ಕದ್ದ?" ಅರ್ವೊ ಕೇಳಿದ್ದು ಸೈಮಿಯನ್ನು.

ಉತ್ತರ ಕೊಟ್ಟವನು ಕೌಕೊ. "ನಿನ್ನ ದೋಣಿ. ಎರಡೂ ನಲ್ಲಿ ತೆಗೆದೆ. ಆವತ್ತು ಒಂದೇ ತೆಗೆದಿದ್ದೆ, ಅರ್ವೊ. ತಪ್ಪು ನಂದೇ."

ಅರ್ವೊ ಮುಖ ಗೋಡೆಯ ಕಡೆ ತಿರುಗಿಸಿದ. ಅವನ ಭುಜ ಅಲುಗುತ್ತಿತ್ತು.

"ಕುತ್ಕೋ, ಕಳ್ಳ ನನ್ಮಗನೇ" ಎಂದ, ಗೋಡೆಗೇ. "ಆಪರೇಷನ್ ಮುಗಿಯೋವರೆಗೂ ಎಲ್ಲಿಗೂ ಹೋಗಕೂಡದು."

ಸಂಜೆ 5.20ಕ್ಕೆ ಸೈಮಿ ಕಡತದ ಕೊನೆಯ ಪುಟ ತುಂಬಿದಳು. ಪ್ರೇರಣೆ: ಹತ್ತೊಂಬತ್ತು ವರ್ಷ ಒಪ್ಪಿಕೊಳ್ಳದೆ ಉಳಿದ ಒಂದು ತಪ್ಪು. ಕಳುವಾದ ವಸ್ತು ಸುಸ್ಥಿತಿಯಲ್ಲಿ ದೊರೆತಿದೆ. ಆರೋಪಿಯನ್ನು ದೋಣಿ ಮಾಲೀಕರ ವಶಕ್ಕೆ ಒಪ್ಪಿಸಲಾಗಿದೆ.